ಮೈ ಕೊಡವದ ಕೋಳಿಗಳು

ಹೆದ್ದಾರಿಯಲ್ಲಿ ಗುಂಡಿ ಮುಚ್ಚುವ ಹೆಂಗಸರನ್ನು ಬಸ್ಸಿನಲ್ಲಿ ಹೋಗುವವರು ನೋಡುವುದು ಎಷ್ಟು ಹೊತ್ತು? ಒಂದು ಸೀನು ಸೀನುವಷ್ಟು ಹೊತ್ತು. ತಲೆ ಮೇಲೆ ಜಲ್ಲಿ ಬುಟ್ಟಿ, ಕಾಲಿಗೆ ಸುತ್ತಿದ ಗೋಣಿಪಟ್ಟಿ, ಮುಖದ ತುಂಬ ಡಾಂಬರಿನ ಹೊಗೆ. ಕೂಡ್ಲಿಗಿಯ ರಸ್ತೆ ಗ್ಯಾಂಗಿನಲ್ಲಿ ಹಾಗೆ ಹದಿನೈದು ವರ್ಷ ಜಲ್ಲಿ ಹೊತ್ತವಳು ಬೊಮ್ಮಮ್ಮ. ಗಂಡ ದುರುಗಪ್ಪ ಸತ್ತಾಗ ಅವಳಿಗೆ ಮೂವತ್ತೈದೋ ಮೂವತ್ತಾರೋ. ಇದ್ದವಳು ಒಬ್ಬಳೇ ಮಗಳು, ಪಕ್ಕೀರಮ್ಮ. ಒಂದೇ ಊರಿನಲ್ಲಿದ್ದರೂ ನಾನು ಬೊಮ್ಮಮ್ಮನನ್ನು ಸರಿಯಾಗಿ ನೋಡಿದ್ದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಕಾರ್ತಿಕದಲ್ಲಿ, ಕೋಳಿ ತುಂಬಿದ ಲಾರಿಯೊಂದು ಊರ ಹೊರಗಿನ ತಿರುವಿನಲ್ಲಿ ಮಗುಚಿಕೊಂಡ ದಿವಸ.

ನನ್ನ ಹೆಸರು ನಾಗೇಂದ್ರಪ್ಪ. ದನದ ಆಸ್ಪತ್ರೆಯಲ್ಲಿ ಡ್ರೆಸ್ಸರ್. ನಿಜವಾದ ಡಾಕ್ಟರು ವಾರಕ್ಕೆ ಮೂರು ದಿನ ಬರುತ್ತಿದ್ದರು, ಉಳಿದ ದಿನ ಜನ ನನ್ನನ್ನೇ ಡಾಕ್ಟ್ರು ಅನ್ನುತ್ತಿದ್ದರು. ನಾನು ಬೇಡ ಅನ್ನಲಿಲ್ಲ. ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಅವತ್ತು ಯಾರದೋ ಎತ್ತಿಗೆ ಸೂಜಿ ಹಾಕಿ ಸೈಕಲ್ ಮೇಲೆ ಬರುತ್ತಿದ್ದೆ. ಲಾರಿ ಪಕ್ಕಕ್ಕೆ ಮಲಗಿತ್ತು. ಡ್ರೈವರು ಹಣೆಗೆ ಟವೆಲ್ ಒತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದ. ತಂತಿ ಗೂಡುಗಳು ಸಿಡಿದು ರಸ್ತೆ ತುಂಬ ಚೆಲ್ಲಿದ್ದವು. ಹೊಲದಲ್ಲಿದ್ದವರು ಗೋಣಿಚೀಲ, ಪಂಚೆ, ಸೆರಗು ಹಿಡಿದು ಓಡಿ ಬರುತ್ತಿದ್ದರು.

ಒಂದು ಜವಾರಿ ಕೋಳಿ ಹಿಡಿಯಬೇಕಾದರೆ ಮೂರು ಜನ ಬೇಕು, ಒಂದು ತಾಸು ಬೇಕು, ಅದರ ಹಡೆದವ್ವನನ್ನು ಬೈಯುವ ಬಾಯಿ ಬೇಕು. ಮುನ್ನೂರು ಕೋಳಿ ಅಂದರೆ ಇವತ್ತು ಒಳ್ಳೆ ತಮಾಷೆ ಅಂದುಕೊಂಡು ನಾನು ಸೈಕಲ್ ನಿಲ್ಲಿಸಿದೆ. ತಮಾಷೆ ಆಗಲಿಲ್ಲ. ಒಂದೂ ಓಡಲಿಲ್ಲ. ಗೂಡು ಕಿತ್ತುಹೋಗಿ ಸುತ್ತ ಬಯಲೋ ಬಯಲು, ಆದರೂ ಅವು ಬಿದ್ದಲ್ಲೇ ನಾಲ್ಕು ನಾಲ್ಕು ಒತ್ತಿಕೊಂಡು ಕೂತಿದ್ದವು. ಕತ್ತಿನ ಮೇಲೆ ಗರಿ ಇಲ್ಲ, ಹಿಂಭಾಗ ಹಸಿ ಮಾಂಸ. ಸತ್ತಿದ್ದರೆ ನನಗೆ ಭಯ ಆಗುತ್ತಿರಲಿಲ್ಲ. ಕಣ್ಣು ಪಿಳಿಪಿಳಿ ಬಿಡುತ್ತಿದ್ದವು. ಬಂದ ಜನ ಕೂಡ ಒಂದು ಗಳಿಗೆ ಹಾಗೇ ನಿಂತುಬಿಟ್ಟರು. ಆಮೇಲೆ ಬದನೆಕಾಯಿ ಬಿಡಿಸಿದಂತೆ ಎತ್ತೆತ್ತಿ ಚೀಲಕ್ಕೆ ಹಾಕಿಕೊಂಡರು.

ಬೊಮ್ಮಮ್ಮ ಜಲ್ಲಿ ಬುಟ್ಟಿ ಖಾಲಿ ಮಾಡಿ ಐದು ಕೋಳಿ ಅದರಲ್ಲಿ ಇಟ್ಟುಕೊಂಡಳು. ಇಟ್ಟುಕೊಂಡು, ಅಲ್ಲೇ ರಸ್ತೆ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಅಂದಳು: "ಅವ್ವಾ ದುರುಗಮ್ಮಾ, ಈ ಐದೂ ನಿನಗ ಮೀಸಲು. ನನ್ನ ಮಗಳ ಕೂಸು ಉಸಿರಾಡ್ಲಿ."

ಪಕ್ಕೀರಮ್ಮನನ್ನು ಹಿರೇಹಡಗಲಿಗೆ ಕೊಟ್ಟಿತ್ತು. ಎರಡು ಸಲ ಬಸುರಾಗಿ ಎರಡು ಸಲವೂ ಏಳನೇ ತಿಂಗಳಿಗೆ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಈಗ ಮೂರನೆಯದು, ಐದು ತಿಂಗಳು ತುಂಬಿ ತವರಿಗೆ ಬಂದಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಬಿಟ್ಟಿ ಸಿಕ್ಕಿದ್ದು ದೇವ್ರಿಗೆ! ಭಾಳ ಶ್ಯಾಣೇಕಿ ಅದಿ ಬಿಡು ಬೊಮ್ಮಮ್ಮ" ಅಂದೆ. ಅವಳು ಬುಟ್ಟಿ ತಲೆಗೆ ಏರಿಸಿಕೊಂಡು ಊರ ಕಡೆ ನಡೆದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮ ಕಡೆ ಮೀಸಲು ಅಂದರೆ ಹಾಗೇ. ಒಮ್ಮೆ ಬಾಯಲ್ಲಿ ಬಂದರೆ ಆ ಕೋಳಿಯನ್ನು ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ, ಹರಕೆ ತೀರುವ ತನಕ ಕೊಯ್ಯುವ ಹಾಗಿಲ್ಲ. ಅದು ದುರುಗಮ್ಮನದು. ಆದರೆ ಅವಳು ಒಪ್ಪಿಕೊಂಡಳೋ ಇಲ್ಲವೋ ಅಂತ ಮೊದಲು ಕೇಳಬೇಕು. ಕೇಳುವುದು ಕೋಳಿಯನ್ನೇ. ಕೋಳಿಯನ್ನು ಕೇಳಿ ಮಸಾಲೆ ಅರೀತಾರೇನು ಅಂತ ಗಾದೆ ಕಟ್ಟಿದವರು ನಮ್ಮ ಕೇರಿಯ ದುರುಗಮ್ಮನ ಗುಡಿ ಕಂಡವರಲ್ಲ. ಅಲ್ಲಿ ಮಂಗಳವಾರ ಪೂಜಾರಿ ಹುಲುಗಣ್ಣ ಅರಿಶಿನದ ನೀರನ್ನು ಕೋಳಿಯ ಬೆನ್ನಿಗೆ ಚಿಮುಕಿಸುತ್ತಾನೆ. ಕೋಳಿ ಮೈ ಕೊಡವಿದರೆ ತಾಯಿ ಹೂಂ ಅಂದಳು ಅಂತ ಅರ್ಥ. ನಾನು ಇದನ್ನು ಆಡಿಕೊಂಡು ನಗುತ್ತಿದ್ದವನು. ಮೈ ಒದ್ದೆಯಾದರೆ ಯಾವ ಕೋಳಿಯೂ ಕೊಡವುತ್ತದೆ, ಅದಕ್ಕೇ ನಿಮ್ಮ ತಾಯಿ ಇಲ್ಲಿ ತನಕ ಯಾರಿಗೂ ಒಲ್ಲೆ ಅಂದಿಲ್ಲ ಅಂತ ಹುಲುಗಣ್ಣನಿಗೆ ಮುಖಕ್ಕೇ ಹೇಳಿದ್ದೆ.

ಆ ಮಂಗಳವಾರ ನಾನು ಗುಡಿ ಹತ್ತಿರವೇ ಇದ್ದೆ. ಹುಲುಗಣ್ಣ ಮೊದಲನೇ ಕೋಳಿಗೆ ನೀರು ಹಾಕಿದ. ಅದು ತಲೆ ತಗ್ಗಿಸಿ ನಿಂತಿತ್ತು, ನೀರು ಬೆನ್ನಿನಿಂದ ಇಳಿದು ಹೋಯಿತು. ಇನ್ನೊಮ್ಮೆ ಹಾಕಿದ. ಎರಡನೆಯದು, ಮೂರನೆಯದು, ನಾಲ್ಕನೆಯದು, ಐದನೆಯದು. ಒಂದೊಂದಕ್ಕೆ ಮೂರು ಮೂರು ಸಲ. ತಂಬಿಗೆ ಖಾಲಿಯಾಯಿತು. ಐದು ಕೋಳಿಗಳು ನೀರು ಸೋರಿಸುತ್ತ, ಮಳೆಯಲ್ಲಿ ಮರೆತುಬಿಟ್ಟ ಬಟ್ಟೆಯ ಹಾಗೆ ನಿಂತಿದ್ದವು. ನಗಲೆಂದು ಬಂದಿದ್ದ ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಹೆಂಗಸರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಯಾರೋ ಮೆಲ್ಲಗೆ "ಒಲ್ಲೆ ಅಂದ್ಲು" ಅಂದರು. ಪಕ್ಕೀರಮ್ಮ ಎರಡೂ ಕೈ ಹೊಟ್ಟೆ ಮೇಲಿಟ್ಟುಕೊಂಡು ನೆಲಕ್ಕೆ ಕುಸಿದಳು. ಅವತ್ತಿನಿಂದ ಅವಳು ಊಟ ಬಿಟ್ಟಳು.

ಮರುದಿನ ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೆ ಬೊಮ್ಮಮ್ಮ ಬುಟ್ಟಿ ಸಮೇತ ಕಟ್ಟೆ ಮೇಲೆ ಕೂತಿದ್ದಳು.

"ಡಾಕ್ಟ್ರ, ಖರೇ ಹೇಳ್ರಿ. ತಾಯಿ ಒಲ್ಲೆ ಅಂದಾಳೋ, ಇವಕ್ಕ ತಿಳೀಲಿಲ್ಲೋ?"

ನಾನು ಪಾಠ ಒಪ್ಪಿಸುವವನ ಹಾಗೆ ಹೇಳಿದೆ. ಇವು ಫಾರಂ ಕೋಳಿ. ಮೊಳ ಅಗಲದ ತಂತಿ ಗೂಡು, ಅದರಲ್ಲಿ ನಾಲ್ಕು. ಕಾಲ ಕೆಳಗೂ ತಂತಿಯೇ, ಮೊಟ್ಟೆ ಉರುಳಿ ಆಚೆ ಹೋಗಲಿ ಅಂತ ಇಳಿಜಾರು. ಮಣ್ಣು ಮುಟ್ಟಿಲ್ಲ, ಬಿಸಿಲು ಕಂಡಿಲ್ಲ, ರೆಕ್ಕೆ ಬಿಚ್ಚಿಲ್ಲ. ಮೊಟ್ಟೆ ಕಡಿಮೆಯಾದ ಮೇಲೆ ಲಾರಿಗೆ ಹಾಕಿ ಕೊಯ್ಯಲಿಕ್ಕೆ ಕಳಿಸುತ್ತಾರೆ.

"ಎಷ್ಟ್ ದಿನ ಇರ್ತಾವ ಅದ್ರಾಗ?"

"ಒಂದೂವರಿ ವರ್ಷ."

"ಮೈ ಕೊಡವಾಕೂ ಜಾಗ ಇರಂಗಿಲ್ಲೇನು?"

"ಇಲ್ಲ."

ಅವಳು ಬಾಯಿ ತೆರೆದುಕೊಂಡೇ ನನ್ನನ್ನು ನೋಡಿದಳು. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಅವಳಿಗೆ ಅನ್ನಿಸಿರಬೇಕು. ಎದ್ದು ಬುಟ್ಟಿ ತಲೆಗೆ ಇಟ್ಟುಕೊಂಡಳು. "ಹಂಗಾರ ತಾಯಿ ಒಲ್ಲೆ ಅಂದಿಲ್ಲ. ಇವು ಇನ್ನ ಕೋಳಿನ ಆಗಿಲ್ಲ. ಕೋಳಿ ಮಾಡ್ತೀನಿ ತಡೀರಿ."

ಮಾಡುವುದೆಂದರೆ ಹೇಗೆ? ಅವಳಿಗೆ ಗೊತ್ತಿದ್ದದ್ದು ನಮ್ಮ ಕಡೆಯ ರೂಢಿ ಒಂದೇ. ಹೊಸ ಕೋಳಿ ತಂದರೆ ಒಂದು ಕಾಲಿಗೆ ಬಟ್ಟೆಯ ಹುರಿ ಕಟ್ಟಿ ಮೂರು ದಿನ ಒರಳುಕಲ್ಲಿಗೆ ಬಿಗಿಯುತ್ತಾರೆ. ಆಮೇಲೆ ಬಿಟ್ಟರೆ ಅದು ಮನೆ ಬಿಟ್ಟು ಹೋಗುವುದಿಲ್ಲ. ಅವಳೂ ಐದನ್ನೂ ಕಟ್ಟಿದಳು. ಎರಡನೇ ದಿನ ನಾಯಿಯೊಂದು ಅಂಗಳಕ್ಕೆ ನುಗ್ಗಿತು. ಒಂದು ಕೋಳಿ ಬೆಚ್ಚಿ ಎದ್ದಿತು. ಬಂದಾಗಿನಿಂದ ಅದು ಹಾಗೆ ಎದ್ದದ್ದು ಅದೇ ಮೊದಲು. ಹುರಿ ಜಗ್ಗಿತು, ಕಾಲು ಲಟಕ್ಕೆಂದು ಮುರಿಯಿತು.

ಸೆರಗಿನಲ್ಲಿ ಸುತ್ತಿಕೊಂಡು ನನ್ನ ಹತ್ತಿರ ತಂದಳು. ಹತ್ತು ವರ್ಷದಿಂದ ಮುರಿದ ಕಾಲು ಕಟ್ಟಿದವನು ನಾನು. ಬಿದಿರಿನ ಸೀಳು ಇಟ್ಟು ಪಟ್ಟಿ ಸುತ್ತಲಿಕ್ಕೆ ಆ ಕೋಳಿಯ ಇನ್ನೊಂದು ಕಾಲನ್ನು ಎರಡು ಬೆರಳಲ್ಲಿ ಹಿಡಿದೆ, ಬರೀ ಹಿಡಿದೆ, ಅದೂ ನನ್ನ ಕೈಯಲ್ಲೇ ಮುರಿಯಿತು. ದಿನಕ್ಕೊಂದು ಮೊಟ್ಟೆ ಇಟ್ಟು ಇಟ್ಟು ಎಲುಬಿನ ಸುಣ್ಣವೆಲ್ಲ ಮೊಟ್ಟೆಯ ಸಿಪ್ಪೆಗೆ ಹೋಗಿತ್ತು, ಒಳಗೆ ಉಳಿದದ್ದು ಹಪ್ಪಳ. ಪುಸ್ತಕದ ಮಟ್ಟಿಗೆ ಗೊತ್ತಿತ್ತು ನನಗೆ, ಬೆರಳಿಗೆ ಗೊತ್ತಿರಲಿಲ್ಲ. ಸಂಜೆ ಒಳಗೆ ಅದು ಸತ್ತಿತು. ಮೀಸಲು ಕೋಳಿ ಅಂತ ಬೊಮ್ಮಮ್ಮ ಮನೆ ಹಿಂದೆ ಗುಂಡಿ ತೋಡಿ ಹೂತಳು. ಉಳಿದ ನಾಲ್ಕರ ಹುರಿಯನ್ನು ಕುಡುಗೋಲಿನಿಂದ ಕತ್ತರಿಸಿ ಒಲೆಗೆ ಹಾಕಿದಳು.

ನಾನು ಹೇಳಿದಂತೆ ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಕದಡಿ ಕುಡಿಸಿದಳು. ಅವು ಅಪರೂಪಕ್ಕೆ ಇಡುವ ಮೊಟ್ಟೆಯೂ ಮೀಸಲೇ, ಮನುಷ್ಯರು ತಿನ್ನುವ ಹಾಗಿರಲಿಲ್ಲ. ಸಿಪ್ಪೆ ಸಮೇತ ಕುಟ್ಟಿ ಅವಕ್ಕೇ ಕೊಟ್ಟಳು. ಹಸಿ ಮೈಗೆ ಬೇವಿನೆಣ್ಣೆ, ಅರಿಶಿನ. ಬಯಲಿಗೆ ಬಿಟ್ಟರೆ ಆಕಾಶ ನೋಡಿ ನಡುಗಿ ಮುದುಡುತ್ತಿದ್ದವು. ಹಳೇ ಸೀರೆಯನ್ನು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿ, ದಿನಕ್ಕೊಂದು ಗೇಣು ಸರಿಸುತ್ತ ಆಕಾಶ ತೋರಿಸಿದಳು. ಆಕಾಶಕ್ಕೆ ಹೆದರುವ ಹಕ್ಕಿಯನ್ನು ನಾನು ಅಲ್ಲಿ ತನಕ ಕಂಡಿರಲಿಲ್ಲ, ಕಂಡವರನ್ನೂ ಕಂಡಿರಲಿಲ್ಲ.

ಎರಡನೇ ವಾರ ಪಕ್ಕದ ಮನೆಯ ಸೈದಾ ಬೀ ಆಸ್ಪತ್ರೆಗೆ ಓಡಿ ಬಂದಳು. ಅವಳ ಗಂಡ ದಸ್ತಗಿರಿ ಮೋಟಾರು ಮೆಕ್ಯಾನಿಕ್, ಇವಳು ಜವಾರಿ ಕೋಳಿ ಸಾಕಿ ಮೊಟ್ಟೆ ಮಾರುವವಳು. ಕೋಳಿ ವಿಷಯದಲ್ಲಿ ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು. "ಡಾಕ್ಟರ್ ಸಾಬ್, ಜಲ್ದಿ ಬರ್ರಿ. ಬೊಮ್ಮಕ್ಕ ಜ್ವಾಳ ಹಾಕ್ತಾಳ, ಅವು ದಿನಾ ಪೂರ್ತಿ ಕುಕ್ತಾವ. ಗಂಟಲ ಚೀಲ ಮುಟ್ಟಿದ್ರ ಖಾಲಿ! ಉಪವಾಸ ಸಾಯಾಕತ್ತ್ಯಾವ. ತೋಬಾ ತೋಬಾ."

ಹೋಗಿ ನೋಡಿದೆ. ನಾಲ್ಕೂ ಕೋಳಿ ಜೋಳದ ರಾಶಿಯ ಮುಂದೆ ನಿಂತು ಕುಕ್ಕುತ್ತಿದ್ದವು. ಒಂದು ಕಾಳೂ ಬಾಯಿಗೆ ಏರುತ್ತಿರಲಿಲ್ಲ. ಮೇಲಿನ ಕೊಕ್ಕು ಅರ್ಧ ಇರಲಿಲ್ಲ. ಗೂಡಿನಲ್ಲಿ ಹಿಟ್ಟನ್ನು ಉದ್ದನೆಯ ತಗಡಿನ ದೋಣಿಯಲ್ಲಿ ತುಂಬಿಡುತ್ತಾರೆ, ಮೊಂಡು ಕೊಕ್ಕಿಗೂ ಸಾಗುತ್ತದೆ. ನೆಲದ ಮೇಲಿನ ಕಾಳು ಹೆಕ್ಕಲಿಕ್ಕೆ ತುದಿ ಬೇಕು. ತುತ್ತಿನ ಮುಂದೆ ನಿಂತು ನಾಲ್ಕು ಜೀವ ಹಸಿವಿನಿಂದ ಸಾಯುತ್ತಿದ್ದವು.

ಬೊಮ್ಮಮ್ಮ ಒಂದನ್ನು ಎತ್ತಿ ಅದರ ಮುಖ ನನ್ನ ಮುಖದ ಹತ್ತಿರ ಹಿಡಿದಳು. "ಇದ್ರ ಮೂತಿ ಯಾರು ಕೊಯ್ದಾರ ಡಾಕ್ಟ್ರ?"

"ಅದಕ್ಕೊಂದು ಯಂತ್ರ ಐತಿ. ಒಂದಕ್ಕೊಂದು ಕುಕ್ಕಬಾರ್ದು ಅಂತ, ಕಾದ ಬ್ಲೇಡಿನಾಗ…"

"ಯಂತ್ರಕ್ಕ ಮರಿ ಹಿಡ್ಯಾಕ ಕೈ ಇರ್ತಾವೇನ್ರಿ?"

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ನನಗೆ ಗೊತ್ತಿತ್ತು. ದನದ ಆಸ್ಪತ್ರೆಗೆ ಸೇರುವ ಮೊದಲು ಎರಡು ವರ್ಷ ಪುಣೆ ಕಡೆ ಒಂದು ಫಾರಂನಲ್ಲಿದ್ದೆ. ಅಲ್ಲಿ ನನ್ನ ಕೆಲಸ ಅದೇ. ಹತ್ತು ದಿನದ ಮರಿ, ಹೆಬ್ಬೆರಳು ತಲೆ ಹಿಂದೆ, ತೋರುಬೆರಳು ಗಂಟಲ ಕೆಳಗೆ, ಕೆಂಪಗೆ ಕಾದ ಬ್ಲೇಡಿಗೆ ಒತ್ತಿದರೆ ಸುಂಯ್ ಅನ್ನುವುದು. ತಾಸಿಗೆ ಮುನ್ನೂರು ಮರಿ. ಮಧ್ಯಾಹ್ನ ಅದೇ ವಾಸನೆಯ ಕೈಯಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ. ಮುಂದೆ ಆ ಮರಿಗಳು ಏನಾದವು ಅಂತ ಒಂದು ದಿನವೂ ಯೋಚನೆ ಬಂದಿರಲಿಲ್ಲ. ಬಂದಿರಲಿಲ್ಲ ಅನ್ನುವುದೇ ಈಗ ನನಗೆ ನಂಬಲಿಕ್ಕೆ ಆಗುವುದಿಲ್ಲ.

"ಕೈ ನನ್ನಂಥೋರ್ದು" ಅಂದೆ. "ನಾನೂ ಕೊಯ್ದೀನಿ. ಸಾವ್ರಾರು."

ಸೈದಾ ಬೀ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬೊಮ್ಮಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಎದ್ದು ಬರುತ್ತಿದ್ದೆ, ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳು ಕೋಳಿಯನ್ನು ನನ್ನ ತೊಡೆ ಮೇಲೆ ಇಟ್ಟಳು, ನುಚ್ಚಿನ ಅಂಬಲಿಯ ಬಟ್ಟಲು ಪಕ್ಕಕ್ಕೆ ಇಟ್ಟಳು. "ತಿನ್ಸು" ಅಂದಳು. ಮಾತಿನ ಕೊನೆಗೆ ರಿ ಇರಲಿಲ್ಲ, ಡಾಕ್ಟ್ರೂ ಇರಲಿಲ್ಲ. ನಾನು ತಿನ್ನಿಸಿದೆ. ಮರುದಿನ ಸಂಜೆಯೂ ಹೋದೆ. ದನದ ಡಾಕ್ಟ್ರು ಬೊಮ್ಮಮ್ಮನ ಕಟ್ಟೆ ಮೇಲೆ ಕೂತು ಕೋಳಿಗೆ ಅಂಬಲಿ ಉಣ್ಣಿಸುತ್ತಾನೆ ಅಂತ ಊರೆಲ್ಲ ನಕ್ಕಿತು. ನಗಲಿ ಅಂದುಕೊಂಡೆ.

ಒಳಗೆ ಪಕ್ಕೀರಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅಂಗಳಕ್ಕೆ ಬಂದರೆ ಕೋಳಿ ಕಣ್ಣಿಗೆ ಬೀಳುತ್ತವೆ ಅಂತ ಬರುತ್ತಲೇ ಇರಲಿಲ್ಲ. ಬೊಮ್ಮಮ್ಮ ಡಾಂಬರಿನ ಕೆಲಸ ಮುಗಿಸಿ ಬಂದವಳೇ ಹೊರಗೆ ಕೋಳಿಗೆ ತುತ್ತು, ಒಳಗೆ ಮಗಳಿಗೆ ತುತ್ತು. ಕೋಳಿ ನುಂಗುತ್ತಿದ್ದವು, ಮಗಳು ನುಂಗುತ್ತಿರಲಿಲ್ಲ. "ತಾಯಿ ಒಲ್ಲೆ ಅಂದ ಮ್ಯಾಲ ಉಂಡು ಏನ್ ಮಾಡ್ಲಿ ಬೇ" ಅನ್ನುವುದು ಕೇಳಿಸುತ್ತಿತ್ತು. ನರ್ಸಮ್ಮ ಬಂದು ಹೇಳಿ ಹೋದಳು, ಹೀಗೇ ಉಪವಾಸ ಬಿದ್ದರೆ ಕೂಸು ಉಳಿಯುವುದಿಲ್ಲ, ಹೆರುವವಳ ಜೀವ ಉಳಿದೀತು ಅಂತಲೂ ಹೇಳಲಿಕ್ಕೆ ಆಗುವುದಿಲ್ಲ ಅಂತ. ಒಂದು ದಿನ ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತು ಕೂಗಾಡಿದೆ. ನೀರು ಬಿದ್ದರೆ ಕೋಳಿ ಕೊಡವುವುದಕ್ಕೂ ನಿನ್ನ ಹೊಟ್ಟೆಗೂ ಏನು ಸಂಬಂಧ ಅಂದೆ. ಅವಳು ಗೋಡೆಯಿಂದ ಈ ಕಡೆ ತಿರುಗಲೇ ಇಲ್ಲ. ಏಳನೇ ತಿಂಗಳು ಬಂತು.

ಪುಷ್ಯ ಮಾಸದ ಒಂದು ಭಾನುವಾರ, ಮಧ್ಯಾಹ್ನದ ಬಿಸಿಲು. ಅಷ್ಟರಲ್ಲಿ ಕೋಳಿಗಳ ಕತ್ತಿಗೆ ಮುಳ್ಳುಮುಳ್ಳಾಗಿ ಹೊಸ ಗರಿ ಚಿಗುರಿ, ಬಿಚ್ಚಿಕೊಂಡಿದ್ದವು. ನಾನು ಬಟ್ಟಲು ಹಿಡಿದು ಕೂತಿದ್ದೆ. ಒಂದು ಕೋಳಿ ನೀರೊಲೆಯ ಬೂದಿ ಸುರಿಯುವ ಗುಂಡಿಯ ಹತ್ತಿರ ಹೋಗಿ ಧೊಪ್ಪೆಂದು ಪಕ್ಕಕ್ಕೆ ಬಿತ್ತು. ಒಂದು ಕಾಲು ಒದರುತ್ತಿದೆ, ರೆಕ್ಕೆ ನೆಲಕ್ಕೆ ಬಡಿಯುತ್ತಿದೆ, ಕತ್ತು ಸೊಟ್ಟಗೆ ತಿರುಗಿದೆ. ಮೂರ್ಛೆರೋಗ ಅಂತ ನಾನು ಬಟ್ಟಲು ಬಿಸಾಕಿ ಓಡಿದೆ. ಬೊಮ್ಮಮ್ಮ "ಹೋತು, ಇದೂ ಹೋತು" ಅಂತ ಚೀರಿದಳು.

ಅದು ಎದ್ದು ನಿಂತಿತು. ಒಂದೊಂದು ಗರಿಯನ್ನೂ ಎಬ್ಬಿಸಿ, ಇದ್ದದ್ದಕ್ಕಿಂತ ಎರಡರಷ್ಟು ದಪ್ಪವಾಗಿ, ತಲೆಯಿಂದ ಬಾಲದ ತನಕ ಮೈ ಕೊಡವಿತು. ಬೂದಿ ಹೊಗೆಯಂತೆ ಎದ್ದಿತು.

ಮಣ್ಣಿನ ಸ್ನಾನ! ಜಗತ್ತಿನ ಯಾವ ಕೋಳಿಯೂ ದಿನಾ ಮಾಡುವ ಕೆಲಸ. ದನದ ಆಸ್ಪತ್ರೆಯವನಾಗಿ ನನಗೆ ಅದು ಹೊಳೆಯಲಿಲ್ಲ, ಯಾಕೆಂದರೆ ಇವು ಇನ್ನು ಯಾವತ್ತೂ ಅದನ್ನು ಮಾಡುವುದಿಲ್ಲ ಅಂತ ನಾನು ಮನಸ್ಸಿನಲ್ಲೇ ಕೈ ಬಿಟ್ಟಿದ್ದೆ. ಅದಕ್ಕೆ ಯಾರೂ ಕಲಿಸಿರಲಿಲ್ಲ. ಎಲ್ಲಿತ್ತು ಅದು ಅದರ ಮೈಯಲ್ಲಿ, ಒಂದೂವರೆ ವರ್ಷ?

"ಪಕ್ಕೀರೀ! ಏ ಪಕ್ಕೀರೀ! ಹೊರಗ ಬಾರಲೇ!"

ಪಕ್ಕೀರಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಎರಡನೇ ಕೋಳಿಯೂ ಬೂದಿಗೆ ಬಿದ್ದಿತ್ತು. ಬೊಮ್ಮಮ್ಮ ಕೊಡದಿಂದ ಒಂದು ಬೊಗಸೆ ನೀರು ತಂದಳು. ಓಡಿ ಬರುವಾಗ ಅರ್ಧ ಅವಳ ಸೀರೆ ಮೇಲೇ ಚೆಲ್ಲಿತು. ಉಳಿದದ್ದನ್ನು ಕೋಳಿಗೆ ಚಿಮುಕಿಸಿದಳು. ಅದು ಕೊಡವಿತು. ಇನ್ನೊಂದಕ್ಕೆ ಚಿಮುಕಿಸಿದಳು, ಅದೂ ಕೊಡವಿತು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಪಕ್ಕೀರಮ್ಮ ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಅವ್ವ, ಉಣ್ಣಾಕ ಏನಾರ ಐತೇನು?"

ನನಗೆ ಅಳು ಬಂತು. ಬೂದಿ ಕಣ್ಣಿಗೆ ಬಿತ್ತು ಅಂದೆ, ಸೈದಾ ಬೀ ನಂಬಲಿಲ್ಲ.

ಶಿವರಾತ್ರಿ ಕಳೆದು ಪಕ್ಕೀರಮ್ಮ ಹೆತ್ತಳು. ಹೆಣ್ಣು ಕೂಸು. ಉಸಿರಾಡುವುದೇನು, ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಈ ಕಡೆ ನಾಲ್ಕು ಕೋಳಿ ಬೆಳ್ಳಗೆ ಮಿಂಚುತ್ತ ಅಂಗಳ ಕೆದರುತ್ತಿದ್ದವು. ಬೊಮ್ಮಮ್ಮ ಕೆಲಸದಿಂದ ಬರುವುದು ದೂರದಲ್ಲಿ ಕಂಡರೆ ಸಾಕು, ರೆಕ್ಕೆ ಬಿಚ್ಚಿಕೊಂಡು ಓಡಿ ಹೋಗಿ ಅವಳ ಡಾಂಬರಿನ ಪಾದದ ಮೇಲೆ ಹತ್ತುತ್ತಿದ್ದವು. ನಾನು ದಿನವೂ ಹೋಗುತ್ತಿದ್ದೆ. ಮುಂದೆ ಏನು ಬರಬೇಕು ಅನ್ನುವುದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ನನಗೆ ಪುಣೆಯಿಂದಲೇ ರೂಢಿ.

ಯುಗಾದಿ ಆದ ಮೇಲೆ ಒಂದು ಸಂಜೆ ಬೊಮ್ಮಮ್ಮ ಅಂದಳು, "ಬರೋ ಮಂಗಳವಾರ ಹರಕಿ ತೀರಸ್ತೀನಿ ಡಾಕ್ಟ್ರ. ಅಲ್ಲಿತನ ಇವಕ್ಕ ಹೊಟ್ಟಿತುಂಬ ಹಾಕ್ರಿ."

ಒಂದು ಕೋಳಿ ನನ್ನ ತೊಡೆಯ ಮೇಲಿತ್ತು. ನನ್ನ ಕೈ ಅದರ ಬೆನ್ನ ಮೇಲೇ ನಿಂತಿತು. ಕೋಪ ಎಲ್ಲಿತ್ತೋ ಎದ್ದು ಬಂತು. "ಕೊಯ್ಯಾಕ ಸಾಕಿದ್ದೇನು ಇಷ್ಟು ದಿನ? ನಿನಗ ಕರುಳು ಐತಿಲ್ಲೋ?" ಅಂತ ಚೀರಿದೆ. ಅವಳು ಕೂಸನ್ನು ತಟ್ಟುತ್ತಲೇ ಇದ್ದಳು. ನಾನು ಅಲ್ಲಿಂದ ನೇರ ಹುಲುಗಣ್ಣನ ಹತ್ತಿರ ಹೋದೆ, ಬದಲಿ ಕೊಟ್ಟರೆ ನಡೆಯುತ್ತದೋ ಅಂತ ಕೇಳಿದೆ. ಅವನು ತಲೆ ಕೆರೆದುಕೊಂಡ. ಅವನಿಗೂ ಆ ಕೋಳಿಗಳ ಮೇಲೆ ಜೀವ. ಹಿಂದೆ ಯಾರೋ ಕುರಿಗೆ ಬದಲಿ ಕೊಟ್ಟದ್ದು ನೆನಪು ಮಾಡಿಕೊಂಡು ನಡೆಯುತ್ತದೆ ಅಂದ. ಸೈದಾ ಬೀಗೆ ಹೇಳಿದೆ. ಅವಳು ತನ್ನ ಹಿಂಡಿನಿಂದ ನಾಲ್ಕು ಜವಾರಿ ಕೋಳಿ ಹಿಡಿದು ಬುಟ್ಟಿಗೆ ಹಾಕಿಕೊಟ್ಟಳು. ಗೆದ್ದೆ ಅಂತ ಬುಟ್ಟಿಯನ್ನು ಬೊಮ್ಮಮ್ಮನ ಮುಂದೆ ಇಟ್ಟೆ.

ಅವಳು ಬುಟ್ಟಿಯೊಳಗೆ ನೋಡಿದಳು. ಕೆಂಪು, ಕರಿ, ಬೂದು ಕೋಳಿಗಳು ಒಳಗೆ ಒದ್ದಾಡುತ್ತಿದ್ದವು.

"ಇವೇನ್ ತಪ್ಪು ಮಾಡ್ಯಾವ?" ಅಂದಳು. ಆಮೇಲೆ ತೊಡೆ ಮೇಲಿನ ಕೂಸನ್ನು ನೋಡಿದಳು.

"ಬದ್ಲಿ ನಡಿಯತೈತಿ ಅಂತ ಹುಲುಗಣ್ಣ ಅಂದಾನ, ಹೌದಲ್ಲ? ನಡೀಬಹುದು. ನಾ ದುರುಗಮ್ಮಗ ಬದ್ಲಿ ಕೊಟ್ಟೆ ಅಂತ ತಿಳೀರಿ. ನಾಳಿ ಆಕಿನೂ ನನಗ ಬದ್ಲಿ ಕೊಡ್ತೀನಿ ಅಂದ್ರ? ಈ ಕೂಸು ಒಯ್ತೀನಿ, ಇನ್ನೊಂದು ಕೊಡ್ತೀನಿ, ಬದ್ಲಿ ನಡಿಯತೈತಿ ಅಂತ ನೀನ ಅಂದಿದ್ದಲ್ಲ ಅಂದ್ರ, ಏನ್ ಹೇಳ್ಲಿ ಡಾಕ್ಟ್ರ?"

ನನಗೆ ದುರುಗಮ್ಮನಲ್ಲಿ ನಂಬಿಕೆ ಇರಲಿಲ್ಲ. ಹಾಗೇನೂ ಆಗುವುದಿಲ್ಲ ಅನ್ನಬೇಕಿತ್ತು. ಕೂಸು ಮುಷ್ಟಿ ಬಾಯಿಗೆ ತುರುಕಿಕೊಂಡು ನನ್ನನ್ನೇ ನೋಡುತ್ತಿತ್ತು. ಅದರ ಮುಖ ನೋಡಿಕೊಂಡು ಆ ಮಾತು ಹೇಳುವ ಧೈರ್ಯ ನನಗೆ ಬರಲಿಲ್ಲ. ಬುಟ್ಟಿ ಎತ್ತಿಕೊಂಡು ಹೋಗಿ ಸೈದಾ ಬೀ ಅಂಗಳದಲ್ಲಿ ಬಿಟ್ಟು ಬಂದೆ.

ಮಂಗಳವಾರ ಹೋಗಬಾರದು ಅಂತ ಇದ್ದೆ, ಹೋದೆ. ಹುಲುಗಣ್ಣ ನೀರು ಚಿಮುಕಿಸಿದ. ನಾಲ್ಕೂ ಒಟ್ಟಿಗೆ ಮೈ ಕೊಡವಿದವು. ಹರಕೆ ಹೊತ್ತವರೇ ಕೋಳಿಯನ್ನು ಹಿಡಿದು ಪೂಜಾರಿಯ ಕೈಗೆ ಕೊಡಬೇಕು. ಬೊಮ್ಮಮ್ಮ ಮೊದಲನೆಯದನ್ನು ಎತ್ತಿಕೊಂಡಳು. ಹುಲುಗಣ್ಣ ಎಲ್ಲ ಕೋಳಿ ಹಿಡಿಯುವ ಹಾಗೆ ಕಾಲಿಗೆ ಕೈ ಹಾಕಿದ. ಅವಳು ಗಾಬರಿಯಿಂದ ಕೋಳಿಯನ್ನು ಎದೆಗೆ ಎಳೆದುಕೊಂಡಳು.

"ಏ ಹುಲುಗಣ್ಣ, ಮೆತ್ತಗ! ಕಾಲು ಹಿಡೀಬ್ಯಾಡ, ಎಲುಬು ಭಾಳ ನಾಜೂಕು ಅದಾವ. ಎದಿ ಕೆಳಗ ಕೈ ಕೊಡು. ಹಿಂಗ."

ಹುಲುಗಣ್ಣನ ಬಲಗೈಯಲ್ಲಿ ಕುಡುಗೋಲು ಇತ್ತು. ಅವನು ನನ್ನ ಮುಖ ನೋಡಿದ. ಸೈದಾ ಬೀ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೊಮ್ಮಮ್ಮನಿಗೆ ತಾನು ಏನು ಅಂದೆ ಅನ್ನುವುದು ಆಗ ಕೇಳಿಸಿರಬೇಕು. ಅವಳ ಮುಖ ಒಮ್ಮೆಗೇ ಬಿಳಿಚಿಕೊಂಡಿತು. ಆದರೂ ಅವಳು ಅವನ ಎಡಗೈ ಹಿಡಿದು, ಅಂಗೈ ಬಿಡಿಸಿ, ಕೋಳಿಯ ಎದೆಯ ಕೆಳಗೆ ಇಟ್ಟಳು. ನಾಲ್ಕಕ್ಕೂ ಹಾಗೇ ಇಟ್ಟಳು. ಒಂದು ಎಲುಬೂ ಮುರಿಯಲಿಲ್ಲ.

ಸಾವಿರಾರು ಮರಿಯ ಕೊಕ್ಕು ಕೊಯ್ದ ಮನುಷ್ಯ ನಾನು, ಬೇವಿನ ಮರ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಅಳಲಿಲ್ಲ. ಮೀಸಲು ಅಡಿಗೆ ಆದ ಮೇಲೆ ಹರಕೆಯವಳೇ ಮೊದಲ ತುತ್ತು ಉಣ್ಣಬೇಕು. ಅವಳು ಎಲ್ಲರ ಮುಂದೆ ಕೂತು ಬಾಯಿಗೆ ಇಟ್ಟುಕೊಂಡು, ಅಗಿದು, ನುಂಗಿದಳು. ಸಾರನ್ನು ಬಾಣಂತಿಗೆ ಹಾಲು ಬರಲಿ ಅಂತ ಪಕ್ಕೀರಮ್ಮನಿಗೆ ಕುಡಿಸಿದಳು. ನನಗೆ ಅದನ್ನು ನೋಡಲಿಕ್ಕಾಗಲಿಲ್ಲ, ಎದ್ದು ಬಂದೆ.

ಎರಡು ತಿಂಗಳು ಅವಳ ಜೊತೆ ಮಾತು ಬಿಟ್ಟೆ. ರಸ್ತೆಯಲ್ಲಿ ಗ್ಯಾಂಗ್ ಕಂಡರೆ ಸೈಕಲ್ಲನ್ನು ಜೋರಾಗಿ ತುಳಿದು ಹೋಗುತ್ತಿದ್ದೆ. ಇನ್ನು ಜನ್ಮದಲ್ಲಿ ಅವಳು ಕೋಳಿಯ ಹೆಸರು ಎತ್ತುವುದಿಲ್ಲ ಅಂದುಕೊಂಡಿದ್ದೆ. ಆಷಾಢದ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಬೊಮ್ಮಮ್ಮ. ತಲೆಯ ಮೇಲೆ ಜಲ್ಲಿ ಬುಟ್ಟಿ, ಬಾಯಿಯ ತುಂಬ ಸೆರಗು. ಬುಟ್ಟಿಯನ್ನು ಇಳಿಸಿದಳು. ಒಳಗೆ ಮೂರು ಬಿಳಿ ಕೋಳಿ, ಕತ್ತು ಬೋಳು, ಮೂತಿ ಮೊಂಡು. ಕೊಟ್ಟೂರಿನ ಆಚೆ ಒಂದು ಫಾರಂ ಇದೆ ಅಂತ ಯಾರೋ ಹೇಳಿದ್ದರಂತೆ. ರಜೆಯ ದಿನ ಬಸ್ಸು ಹಿಡಿದು ಹೋಗಿ, ಲಾರಿಗೆ ಹಾಕುವಾಗ ನಿಲ್ಲಲಾಗದೆ ಬಿದ್ದವನ್ನು ಕೇಳಿ ತಂದಿದ್ದಳು. ಅದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಅವಳು ಬಾಯಿಯ ಸೆರಗು ತೆಗೆಯದೆ ಬುಟ್ಟಿಯನ್ನು ನನ್ನ ಹೊಸ್ತಿಲ ಒಳಗೆ ತಳ್ಳಿದಳು. ನಾನು ಅದನ್ನು ಪೂರ್ತಿ ಒಳಗೆ ಎಳೆದುಕೊಂಡ ಮೇಲೆ ಸೆರಗು ಉಗುಳಿದಳು. ಅದು ಎಂಜಲಿನಿಂದ ತೊಯ್ದು ಹೋಗಿತ್ತು.

"ಮುಂಜಾನಿಂದ ಕೂಸಿನ ಮೈ ಸುಡಾಕತ್ತೈತಿ ಡಾಕ್ಟ್ರ" ಅಂದಳು. "ಬಸ್ಸಿನಾಗೂ ಬಾಯಿ ಬಿಟ್ಟಿಲ್ಲ. ಇವು ನಿಮ್ಮ ಮನ್ಯಾಗ ಇರ್ಲಿ. ನನ್ನ ಮನ್ಯಾಗಿದ್ರ ಆ ಮಾತು ಮತ್ತ ಅಂದ್ಬಿಡ್ತೀನಿ."